ಮಗಳ ಹಣೆಗೆ ಗಮನ ಅಳೆಯುವ ಪಟ್ಟಿ ಕಟ್ಟುತ್ತಾರಂತೆ, ಸಹಿ ಹಾಕಬೇಕಾ?

ಚಳ್ಳಕೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ಇಇಜಿ (ತಲೆಯ ಮೇಲಿಂದ ಮೆದುಳಿನ ಕರೆಂಟು ಅಳೆಯುವ ಪರೀಕ್ಷೆ), ಕಾನೂನು ಗೊತ್ತಿರುವವರು ಇಲ್ಲಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ಮಗಳು ಫಸ್ಟ್ ಪಿಯುಸಿ ಸೈನ್ಸ್. ಮನೆಯಿಂದ ದೂರ, ಹಾಸ್ಟೆಲ್ ಇರುವ ಕಾಲೇಜು. ನೀಟ್ ಕೋಚಿಂಗೂ ಅಲ್ಲೇ. ಕಾಲೇಜಿನ ಹೆಸರು ಬೇಡ, ಮಗು ಇನ್ನೂ ಅಲ್ಲೇ ಓದಬೇಕು. ಹೋದ ಪೋಷಕರ ಸಭೆಯಲ್ಲಿ ಒಂದು ಪಟ್ಟಿ ತೋರಿಸಿದರು. ಹಣೆಗೆ ಕಟ್ಟುವಂಥದ್ದು. ಒಳಮೈಯಲ್ಲಿ ಲೋಹದ ಬಿಲ್ಲೆಗಳು, ಕಿವಿಗೆ ಒಂದು ಕ್ಲಿಪ್ಪು. ಸಂಜೆ ಸ್ಟಡಿ ಅವರ್‌ನಲ್ಲಿ ಮಕ್ಕಳೆಲ್ಲ ಹಾಕಿಕೊಂಡು ಕೂರಬೇಕಂತೆ. ಮುಂದೆ ಒಂದು ಪುಟ್ಟ ದೀಪ. ಓದಿನ ಮೇಲೆ ಗಮನ ಇದ್ದರೆ ಒಂದು ಬಣ್ಣ, ಇಲ್ಲದಿದ್ದರೆ ಇನ್ನೊಂದು. ವಾರ್ಡನ್ ಮುಂದಿನ ಸ್ಕ್ರೀನಿನಲ್ಲಿ ಪ್ರತಿ ಮಗುವಿನ ಹೆಸರಿನ ಎದುರು ನೂರಕ್ಕೆ ಇಷ್ಟು ಅಂತ ಅಂಕ ಬರುತ್ತದೆ. ವಾರಕ್ಕೊಮ್ಮೆ ಅದೇ ಅಂಕ ನಮ್ಮ ಫೋನಿಗೆ.

ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿದೆ. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಸಾಲಕ್ಕೆ ಜಾಮೀನು ಹಾಕಲು ಬಂದವರಿಗೆ ಪತ್ರ ಓದಿ ಹೇಳದೆ ಸಹಿ ಹಾಕಿಸಿಕೊಳ್ಳುವುದಿಲ್ಲ. ಹಾಗಾಗಿ ಇದನ್ನೂ ಸಾಲು ಸಾಲಾಗಿ ಓದಿದೆ. ಪಟ್ಟಿಯಿಂದ ಬರುವ ಮಾಹಿತಿಯನ್ನು ಸೇವೆ ಸುಧಾರಿಸಲು, ಸಂಶೋಧನೆಗೆ ಬಳಸಬಹುದು, ಪಾಲುದಾರರ ಜೊತೆ ಹಂಚಿಕೊಳ್ಳಬಹುದು ಅಂತ ಇದೆ. ಆ ಪಾಲುದಾರರು ಯಾರು, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ ಅನ್ನುವುದು ಎಲ್ಲೂ ಇಲ್ಲ.

ಮಗಳು ಫೋನ್ ಮಾಡಿದಾಗ ಒಂದು ಮಾತು ಕೇಳಿದಳು. "ಅಮ್ಮಾ, ಓದ್ತಾ ಓದ್ತಾ ಮನೆ ನೆನಪಾದ್ರೆ ಅದಕ್ಕೂ ಗೊತ್ತಾಗುತ್ತಾ?" ಏನು ಹೇಳಬೇಕೋ ತಿಳಿಯಲಿಲ್ಲ. ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ಇದು ನಿಜವಾಗಿ ಏನು ಓದುತ್ತದೆ? ಸಹಿ ಹಾಕಲ್ಲ ಅನ್ನುವ ಹಕ್ಕು ನನಗಿದೆಯಾ?

ಇಇಜಿ ರೂಮಿನಿಂದ

ಅಕ್ಕಾ, ನಾನು ಇಇಜಿ ಟೆಕ್ನೀಷಿಯನ್. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಜನರ ತಲೆಗೆ ವೈರು ಅಂಟಿಸುವುದೇ ನನ್ನ ಕೆಲಸ. ಮೊದಲು ಮಗಳಿಗೆ ಉತ್ತರ ಕೊಡಿ: ಇಲ್ಲ, ಗೊತ್ತಾಗುವುದಿಲ್ಲ. ಮನೆ ನೆನಪಾಯಿತೋ, ಊಟ ನೆನಪಾಯಿತೋ, ಗೆಳತಿ ನೆನಪಾದಳೋ, ಹಣೆಪಟ್ಟಿಗೆ ತಿಳಿಯುವ ದಾರಿಯೇ ಇಲ್ಲ. ಇಷ್ಟನ್ನು ಇವತ್ತೇ ಫೋನ್ ಮಾಡಿ ಹೇಳಿಬಿಡಿ. ಮಗು ತನ್ನ ನೆನಪಿಗೇ ಹೆದರಿಕೊಂಡು ಕೂರಬಾರದು.

ಯಾಕೆ ತಿಳಿಯುವುದಿಲ್ಲ ಅಂತ ನನ್ನ ಕೆಲಸದಿಂದಲೇ ಹೇಳುತ್ತೇನೆ. ನಮ್ಮಲ್ಲಿಗೆ ಬರುವವರಿಗೆ ಹಿಂದಿನ ದಿನವೇ ಹೇಳಿರುತ್ತೇವೆ, ತಲೆ ತೊಳೆದುಕೊಂಡು ಬನ್ನಿ, ಎಣ್ಣೆ ಹಚ್ಚಬೇಡಿ. ಬಂದ ಮೇಲೆ ಟೇಪು ಹಿಡಿದು ಮೂಗಿನ ಬುಡದಿಂದ ತಲೆಯ ಹಿಂದಿನ ಗುಬುಟಿನವರೆಗೆ ಅಳೆಯುತ್ತೇವೆ. ಚರ್ಮ ಉಜ್ಜಿ, ಪೇಸ್ಟ್ ಹಾಕಿ, ತಲೆ ತುಂಬ 21 ಕಡೆ ವೈರು ಕೂರಿಸುತ್ತೇವೆ. ಕೋಣೆ ಸದ್ದಿಲ್ಲದೆ ಇರಬೇಕು, ಮಲಗಿದವರು ಅಲುಗಾಡಬಾರದು. ಇಷ್ಟೆಲ್ಲ ಆದಮೇಲೂ ಬರುವ ಸಿಗ್ನಲ್ ಮೈಕ್ರೋವೋಲ್ಟ್ ಲೆಕ್ಕದ್ದು, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಪಾಲು. ಹಲ್ಲು ಕಚ್ಚಿದರೆ ಸ್ಕ್ರೀನಿನ ಮೇಲೆ ಮೂಡುವ ಮೆದುಳಿನ ಗೆರೆ ಮುಚ್ಚಿಹೋಗುತ್ತದೆ. ಕಣ್ಣು ಮಿಟುಕಿಸಿದರೆ ದೊಡ್ಡ ಗುಡ್ಡ ಏಳುತ್ತದೆ. ಗೋಡೆಯ ಕರೆಂಟಿನ 50 ಹರ್ಟ್ಸ್ ಗುಂಯ್ ಅಂತ ಒಳಗೆ ಸೇರಿಕೊಳ್ಳುತ್ತದೆ. ಲಕ್ಷಾಂತರ ನರಕೋಶಗಳ ಒಟ್ಟು ಗದ್ದಲ ತಲೆಬುರುಡೆ ದಾಟಿ ನಮಗೆ ಸಿಗುವುದು. ಮೂರು ಹೊಲದಾಚೆ ನಿಂತು ಊರಜಾತ್ರೆ ಕೇಳಿಸಿಕೊಂಡ ಹಾಗೆ. ಜಾತ್ರೆ ನಡೀತಿದೆ ಅಂತ ಗೊತ್ತಾಗುತ್ತದೆ. ಬಳೆ ಅಂಗಡಿ ಮುಂದೆ ಯಾರು ಏನು ಚೌಕಾಶಿ ಮಾಡಿದರು ಅನ್ನುವುದು ಗೊತ್ತಾಗಲ್ಲ.

ಹಣೆಯೋ, ಇದ್ದಬದ್ದ ಜಾಗಗಳಲ್ಲೇ ಕಷ್ಟದ ಜಾಗ. ಕಣ್ಣಿನ ಚಲನೆ, ಹುಬ್ಬಿನ ಸ್ನಾಯುವಿನ ಕರೆಂಟು ಎಲ್ಲ ಅಲ್ಲೇ ಜೋರು. ಗಮನದ ಅಂಕವನ್ನು ಹೇಗೆ ಲೆಕ್ಕ ಹಾಕುತ್ತಾರೆ ಅಂತ ಇಂಥ ಕಂಪನಿಗಳು ಸಾಮಾನ್ಯವಾಗಿ ಬಿಚ್ಚಿಡುವುದಿಲ್ಲ. ಹೆಚ್ಚಾಗಿ ನಿಧಾನದ ಅಲೆ ಎಷ್ಟು, ವೇಗದ ಅಲೆ ಎಷ್ಟು ಅಂತ ತೂಗಿ ನೋಡುತ್ತಾರೆ. ಈಗ ಯೋಚಿಸಿ. ಹುಬ್ಬು ಗಂಟಿಕ್ಕಿ ಕೂತ ಮಗುವಿನ ಸ್ನಾಯು ಕೂಡ ವೇಗದ ಅಲೆಯ ಹಾಗೇ ಕಾಣುತ್ತದೆ. ಕಣ್ಣು ಮುಚ್ಚಿ ಒಂದು ಸೂತ್ರ ನೆನಪಿಸಿಕೊಳ್ಳುವ ಮಗುವಿನ ತಲೆಯಲ್ಲಿ ಆಲ್ಫಾ ಅಲೆ ಏಳುತ್ತದೆ. ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ ಅದು, ಕಣ್ಣು ಮುಚ್ಚಿದರೆ ಬರುತ್ತದೆ, ತೆರೆದರೆ ಅಡಗುತ್ತದೆ. ಯಂತ್ರ ಅದನ್ನು ಮೈಮರೆವು ಅಂತ ಎಣಿಸಿದರೆ, ಚೆನ್ನಾಗಿ ಯೋಚಿಸುವ ಮಗುವಿಗೇ ಕಡಿಮೆ ಅಂಕ. ಆ ಅಂಕ ನೋಡಿ ವಾರ್ಡನ್ ಬೈತಾರೆ. ನಿಮ್ಮ ಫೋನಿಗೆ 42 ಅಂತ ಬರುತ್ತದೆ, ನೀವೂ ಬೈತೀರಿ. ಮಗು ಏನು ಹೇಳಿದರೂ ಯಾರೂ ಕೇಳಲ್ಲ, ಯಂತ್ರವೇ ಹೇಳಿದೆಯಲ್ಲ ಅಂತ. ನನಗೆ ನಿದ್ದೆಗೆಡಿಸುವುದು ಇದೇ.

ಆಲ್ಫಾ ಅಲೆ ಅಂದೆ, ಅದರ ಕತೆ ಒಂದಿದೆ. ಮನುಷ್ಯನ ಇಇಜಿಯನ್ನು ಮೊದಲು ಹಿಡಿದವರು ಜರ್ಮನಿಯ ಯೇನಾ ಊರಿನ ಡಾಕ್ಟರ್ ಹಾನ್ಸ್ ಬರ್ಗರ್, 1924ರಲ್ಲಿ. ಪ್ರಕಟಿಸಿದ್ದು 1929ರಲ್ಲಿ. ಅವರು ಹೊರಟಿದ್ದು ಒಬ್ಬರ ಮನಸ್ಸಿನದು ಇನ್ನೊಬ್ಬರಿಗೆ ಹೇಗೆ ತಲುಪುತ್ತದೆ ಅಂತ ಹುಡುಕಲು. ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸಾವಿನ ಬಾಯಿಂದ ಪಾರಾದ ದಿನವೇ, ದೂರದಲ್ಲಿದ್ದ ಅಕ್ಕನಿಗೆ ಯಾಕೋ ತಳಮಳವಾಗಿ ಮನೆಯಿಂದ ತಂತಿ ಬಂತಂತೆ. ಸಿಕ್ಕಿದ್ದು ಮಾತ್ರ ಕಣ್ಣು ಮುಚ್ಚಿದಾಗ ಏಳುವ ಒಂದು ಅಲೆ. ಮನಸ್ಸು ಓದುವ ಆಸೆ ಈ ಯಂತ್ರದ ಜೊತೆಗೇ ಹುಟ್ಟಿದೆ, ನೂರು ವರ್ಷ ಆಯಿತು.

ಈಗ ಇನ್ನೊಂದು ಮುಖ. ಯೋಚನೆ ಓದಲ್ಲ ಅಂದೆ. ಹಾಗಂತ ಆ ಗೆರೆಗಳಲ್ಲಿ ಏನೂ ಇಲ್ಲ ಅಂತಲ್ಲ. ನನ್ನ ಬಳಿ ಬರುವವರಲ್ಲಿ ಜಾಸ್ತಿ ಜನ ಫಿಟ್ಸ್ ಇದೆಯಾ ನೋಡಿಸಲು ಬರುವವರು. ಹೆಣ್ಣುಮಕ್ಕಳನ್ನು ಕರೆತರುವ ತಂದೆತಾಯಿ ಬೇಕಂತಲೇ ತಮ್ಮ ಊರಿನ ಆಸ್ಪತ್ರೆ ಬಿಟ್ಟು ಬಸ್ಸು ಹತ್ತಿ ಬೆಂಗಳೂರಿಗೆ ಬರುತ್ತಾರೆ. ರಿಪೋರ್ಟು ಕವರಿನೊಳಗೆ ಹಾಕಿ ಕೊಡಿ ಅನ್ನುತ್ತಾರೆ. ಮದುವೆ ಮಾತುಕತೆಗೆ ತೊಂದರೆಯಾದೀತು ಅನ್ನುವ ಭಯ. ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದರು. ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ದಿನಾ ಸಂಜೆ ಎರಡೆರಡು ಗಂಟೆ, ವರ್ಷವಿಡೀ, ಒಂದು ಮಗುವಿನ ಮೆದುಳಿನ ಗೆರೆ ಯಾವುದೋ ಕಂಪನಿಯ ಸರ್ವರಿನಲ್ಲಿ ಕೂತಿದ್ದರೆ, ಗಮನದ ಅಂಕ ಕಸವಾದರೂ ಆ ಗೆರೆ ಕಸವಲ್ಲ. ನಿದ್ದೆ ಕೆಟ್ಟಿದೆಯಾ, ಫಿಟ್ಸಿನ ಸುಳಿವು ಇದೆಯಾ, ಮುಂದೆ ಇನ್ನೇನೇನು ಅದರಿಂದ ತೆಗೆಯಬಹುದೋ.

ಮುಂದೆ ಅನ್ನುವುದು ಸುಮ್ನೆ ಹೆದರಿಸುವ ಮಾತಲ್ಲ. 2023ರಲ್ಲಿ ಟೆಕ್ಸಾಸಿನ ಆಸ್ಟಿನ್ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಮಲಗಿದವರು ಕೇಳುತ್ತಿದ್ದ ಕತೆಯ ಸಾರಾಂಶವನ್ನು ಮೆದುಳಿನ ರಕ್ತದ ಹರಿವಿನಿಂದ ಹಿಡಿದರು. ಪದಕ್ಕೆ ಪದ ಅಲ್ಲ, ತಾತ್ಪರ್ಯ. ಅದಕ್ಕೆ ಆ ವ್ಯಕ್ತಿ ಮೊದಲೇ 16 ಗಂಟೆ ಯಂತ್ರದೊಳಗೆ ಮಲಗಿ ಕತೆ ಕೇಳಿರಬೇಕಿತ್ತು. ಒಬ್ಬರ ಮೇಲೆ ಪಳಗಿಸಿದ್ದು ಇನ್ನೊಬ್ಬರಿಗೆ ಕೆಲಸ ಮಾಡಲಿಲ್ಲ. ಮನಸ್ಸಿನಲ್ಲೇ ಪ್ರಾಣಿಗಳ ಹೆಸರು ಹೇಳಿಕೊಳ್ಳುತ್ತಾ ಹೋದರೆ ಯಂತ್ರ ಸೋತಿತು. ಒಳ್ಳೆ ಸುದ್ದಿ ಅಲ್ವಾ? 2025ರಲ್ಲಿ ಅದೇ ಲ್ಯಾಬಿನವರು ಹೊಸಬರಿಗೆ ಸುಮಾರು ಒಂದು ಗಂಟೆಯ ತರಬೇತಿ ಸಾಕಾಗುವ ದಾರಿ ತೋರಿಸಿದರು. 16 ಗಂಟೆ ಒಂದಾಗಲು ಎರಡು ವರ್ಷವೂ ಹಿಡಿಯಲಿಲ್ಲ. ಯಂತ್ರ ಇನ್ನೂ ಕೋಣೆ ಗಾತ್ರದ್ದೇ, ಜನ ಒಪ್ಪಿಯೇ ಮಲಗಬೇಕು. ಆದರೆ ಇವತ್ತು ತುಂಬಿಟ್ಟ ಗೆರೆಯನ್ನು ನಾಳಿನ ಲೆಕ್ಕಾಚಾರ ಓದುತ್ತದೆ ಅನ್ನುವುದನ್ನು ಮರೆಯಬೇಡಿ.

ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ.

ದಾವಣಗೆರೆ ಅಪ್ಪ

ಇಷ್ಟು ಭಯ ಬೇಕಾ? ನನ್ನ ಮಗನೂ ಇಂಥದೇ ಹಾಸ್ಟೆಲಿನಲ್ಲಿದ್ದಾನೆ. ಸ್ಟಡಿ ಹಾಲಿನಲ್ಲಿ ಕ್ಯಾಮೆರಾ ಇದೆ, ಹಾಜರಿಗೆ ಬೆರಳಚ್ಚು ಇದೆ, ಪರೀಕ್ಷೆ ಹಾಲಿನಲ್ಲಂತೂ ಎಲ್ಲ ಕಡೆ ಕಣ್ಣು. ವರ್ಷಕ್ಕೆ ಲಕ್ಷಗಟ್ಟಲೆ ಫೀಸು ಕಟ್ಟುತ್ತೇವೆ. ಮಗ ಪುಸ್ತಕ ಮುಂದಿಟ್ಟುಕೊಂಡು ಕನಸು ಕಾಣುತ್ತಿದ್ದಾನಾ ಓದುತ್ತಿದ್ದಾನಾ ಅಂತ ತಿಳಿದುಕೊಳ್ಳುವುದು ತಪ್ಪಾ? ಅಂಕ ನೂರಕ್ಕೆ ನೂರು ಸರಿ ಇಲ್ಲದಿದ್ದರೂ ಏನೋ ಒಂದು ಅಂದಾಜು ಸಿಗುತ್ತದೆ. ಹದಿನಾರು ವರ್ಷದ ಮಕ್ಕಳಿಗೆ ಮುಚ್ಚಿಡುವಂಥದ್ದು ಏನಿರುತ್ತದೆ?

ಇಇಜಿ ರೂಮಿನಿಂದ

ಸರ್, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಫೀಸಿನ ಭಾರ ನನಗೂ ಗೊತ್ತು. ಆದರೆ ಕ್ಯಾಮೆರಾ ಬೇರೆ, ಇದು ಬೇರೆ. ಕ್ಯಾಮೆರಾಕ್ಕೆ ಏನು ಕಾಣುತ್ತದೆ ಅಂತ ನಿಮ್ಮ ಮಗನಿಗೆ ಗೊತ್ತು. ನೆಟ್ಟಗೆ ಕೂರಬಹುದು, ಮುಖ ತಿರುಗಿಸಬಹುದು. ಮೆದುಳಿನಿಂದ ಏನು ಹೊರಗೆ ಹೋಗುತ್ತಿದೆ ಅಂತ ಅವನಿಗೇ ತಿಳಿಯದು, ತಡೆಯಲೂ ಆಗದು. ನಿಮಗೂ ಆಗದು, ನನಗೂ ಆಗದು.

ಹದಿನಾರು ವರ್ಷದವರಿಗೆ ಮುಚ್ಚಿಡುವಂಥದ್ದು ಬಹಳ ಇರುತ್ತದೆ ಸರ್. ಕೆಟ್ಟದ್ದು ಅಂತ ಅಲ್ಲ. ಈ ಕೋರ್ಸೇ ನನಗೆ ಬೇಡವೇನೋ ಅನ್ನುವ ಅನುಮಾನ, ಯಾರ ಮೇಲೋ ಮನಸ್ಸಾಗಿರುವುದು, ದೇವರ ಬಗ್ಗೆ ಪ್ರಶ್ನೆ. ಅದೆಲ್ಲ ಮೊದಲು ತಲೆಯೊಳಗೇ ಹಣ್ಣಾಗಬೇಕು. ಯಾರೋ ನೋಡುತ್ತಿದ್ದಾರೆ ಅಂತ ಅನ್ನಿಸಿದರೆ ಸಾಕು, ಹುಡುಗರು ಯೋಚಿಸುವುದನ್ನೇ ಬಿಡುತ್ತಾರೆ. ಯಂತ್ರಕ್ಕೆ ಓದಲು ಬರದಿದ್ದರೂ ಆ ಹಾನಿ ಆಗಿಹೋಗುತ್ತದೆ. ಈ ಅಕ್ಕನ ಮಗಳು ಪಟ್ಟಿ ಕಟ್ಟುವ ಮೊದಲೇ ಮನೆ ನೆನೆಯಲು ಹೆದರಿದಳು, ನೋಡಿ.

ಇದು ಎಲ್ಲೂ ನಡೆಯದ್ದೇನಲ್ಲ. ಚೀನಾದ ಜಿನ್ಹುವಾ ಊರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಹಣೆಗೆ ಇಂಥದೇ ಪಟ್ಟಿ ಕಟ್ಟಿದ್ದರು. ದೀಪದ ಬಣ್ಣ, ಟೀಚರ್ ಸ್ಕ್ರೀನು, ಪೋಷಕರಿಗೆ ಅಂಕ, ಎಲ್ಲ ಹೀಗೇ. 2019ರಲ್ಲಿ ಸುದ್ದಿ ಹೊರಬಂದಾಗ ಅಲ್ಲಿನ ಪೋಷಕರೇ ಗಲಾಟೆ ಎಬ್ಬಿಸಿದರು. ಶಿಕ್ಷಣ ಇಲಾಖೆ ನಿಲ್ಲಿಸಲು ಹೇಳಿತು.

ಧಾರವಾಡದ ವಕೀಲ

ಅಕ್ಕಾ, ಹಕ್ಕಿನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಸಹಿ ಹಾಕಲ್ಲ ಅನ್ನುವ ಹಕ್ಕು ಇದೆ. ಅದನ್ನು ಹೇಳಿದ ದೊಡ್ಡ ತೀರ್ಪು ಹುಟ್ಟಿದ್ದೇ ನಮ್ಮ ರಾಜ್ಯದ ಪ್ರಕರಣದಿಂದ.

2000ದ ಆಸುಪಾಸಿನಿಂದ ಒಂದು ಹತ್ತು ವರ್ಷ ಬೆಂಗಳೂರು ಮಂಪರು ಪರೀಕ್ಷೆಯ ರಾಜಧಾನಿಯಾಗಿತ್ತು. ಛಾಪಾಕಾಗದ ಹಗರಣದ ತೆಲಗಿಗೆ ಇಲ್ಲೇ ಮಂಪರು ಪರೀಕ್ಷೆ ಆಯಿತು, ಅದರ ವಿಡಿಯೋ ಟೀವಿಯಲ್ಲೂ ಬಂತು. ಔಷಧದ ಅಮಲಿನಲ್ಲಿ ಒಬ್ಬ ಮನುಷ್ಯ ತೊದಲುವುದನ್ನು ದೇಶವೇ ಕೂತು ನೋಡಿತು. ಅದರ ಜೊತೆಗೇ ಬ್ರೈನ್ ಮ್ಯಾಪಿಂಗ್ ಬಂತು. ಆರೋಪಿಯ ತಲೆಗೆ ಇಇಜಿ ಟೋಪಿ ಹಾಕಿ, ಕಣ್ಣು ಮುಚ್ಚಿಸಿ, ಘಟನೆಯ ಬಗ್ಗೆ "ನಾನು ಹೀಗೆ ಮಾಡಿದೆ" ಅನ್ನುವ ಧಾಟಿಯ ವಾಕ್ಯಗಳನ್ನು ಕೇಳಿಸುತ್ತಾರೆ. ಆತ ಬಾಯಿ ಬಿಡಬೇಕಾಗಿಲ್ಲ. ಅನುಭವದ ನೆನಪು ಇದೆಯೋ ಇಲ್ಲವೋ ಅಂತ ಯಂತ್ರ ಹೇಳುತ್ತದಂತೆ. 2008ರ ಜೂನ್‌ನಲ್ಲಿ ಪುಣೆಯ ಒಂದು ನ್ಯಾಯಾಲಯ ಕೊಲೆ ಪ್ರಕರಣದಲ್ಲಿ ಒಬ್ಬ ಎಂಬಿಎ ವಿದ್ಯಾರ್ಥಿನಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ಈ ಪರೀಕ್ಷೆಯನ್ನೂ ಆಧಾರವಾಗಿ ಹಿಡಿಯಿತು. ಮುಂದೆ ಬಾಂಬೆ ಹೈಕೋರ್ಟು ಆಕೆಗೆ ಜಾಮೀನು ಕೊಟ್ಟಿತು. ಅದೇ 2008ರಲ್ಲಿ ನಿಮ್ಹಾನ್ಸ್ ನಿರ್ದೇಶಕರು ಮುಖ್ಯಸ್ಥರಾಗಿದ್ದ ತಜ್ಞರ ಸಮಿತಿ, ಇದು ವಿಜ್ಞಾನದ ಪರೀಕ್ಷೆಗೆ ನಿಲ್ಲುವುದಿಲ್ಲ, ತನಿಖೆಗೂ ಬೇಡ, ಸಾಕ್ಷ್ಯಕ್ಕೂ ಬೇಡ ಎಂದಿತು.

ಆಮೇಲೆ 2010ರ ಮೇ 5. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಪೀಠ. ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್, ಈ ಮೂರನ್ನೂ ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ ಎಂದರು. ಅಪರಾಧದ ತನಿಖೆಯಲ್ಲಾಗಲಿ, ಬೇರೆ ಸಂದರ್ಭದಲ್ಲಾಗಲಿ ಅಂತ ಸೇರಿಸಿದರು. ಆ 'ಬೇರೆ ಸಂದರ್ಭ' ಅನ್ನುವುದನ್ನು ನಾನು ನನ್ನ ಪ್ರತಿಯಲ್ಲಿ ಕೆಂಪಿನಲ್ಲಿ ಗೆರೆ ಎಳೆದು ಇಟ್ಟುಕೊಂಡಿದ್ದೇನೆ. ಇನ್ನೂ ಒಂದು ಮಾತಿದೆ. ಒಪ್ಪಿ ಮಾಡಿಸಿಕೊಂಡರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ, ಯಾಕೆಂದರೆ ಪರೀಕ್ಷೆಯ ಹೊತ್ತಿನಲ್ಲಿ ತನ್ನ ಉತ್ತರದ ಮೇಲೆ ಆ ವ್ಯಕ್ತಿಗೇ ಹಿಡಿತ ಇರುವುದಿಲ್ಲ. ಇಇಜಿ ರೂಮಿನವರು ದಾವಣಗೆರೆಯವರಿಗೆ ಹೇಳಿದ್ದು ಇದನ್ನೇ. 2025ರ ಜೂನ್‌ನಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸೆಲ್ವಿ ತೀರ್ಪನ್ನು ಮತ್ತೆ ಎತ್ತಿಹಿಡಿಯಿತು.

ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪೂ ನಮ್ಮವರ ಹೆಸರಿನಲ್ಲೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಚಾರವಾಗಿ 2012ರಲ್ಲಿ ಅರ್ಜಿ ಹಾಕಿದಾಗ ಎಂಬತ್ತು ದಾಟಿದ್ದರು. ಆ ವಯಸ್ಸಿನಲ್ಲಿ ಯಾರಿಗೂ ಕೋರ್ಟಿನ ಗೋಜು ಬೇಡ ಅನ್ನಿಸುತ್ತದೆ. ಅವರು ಹೋದರು. ನಾನು ಅವರನ್ನು ಬಹಳ ಗೌರವದಿಂದ ನೆನೆಯುತ್ತೇನೆ.

ಇನ್ನು ಕಷ್ಟದ ಭಾಗ. ನಿಮ್ಮ ಕಾಲೇಜು ಪೊಲೀಸ್ ಠಾಣೆ ಅಲ್ಲ, ಖಾಸಗಿ ಸಂಸ್ಥೆ. ಅಲ್ಲಿ ಕೆಲಸಕ್ಕೆ ಬರಬೇಕಾದ್ದು 2023ರ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆ ಕಾಯ್ದೆ. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು, ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವಂತಿಲ್ಲ ಅಂತ ಕಾಯ್ದೆ ಹೇಳುತ್ತದೆ. ಓದಿದರೆ ಸಮಾಧಾನವಾಗುತ್ತದೆ. ಆದರೆ 2025ರ ನವೆಂಬರ್‌ನಲ್ಲಿ ಬಂದ ನಿಯಮಗಳಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಈ ಎರಡರಿಂದಲೂ ವಿನಾಯಿತಿ ಕೊಟ್ಟಿದ್ದಾರೆ. ಸಂಸ್ಥೆಯ ಶಿಕ್ಷಣ ಚಟುವಟಿಕೆಗೆ ಅಥವಾ ಮಕ್ಕಳ ಸುರಕ್ಷತೆಗೆ ಅಂತಾದರೆ ಕಣ್ಣಿಡಬಹುದು. ಮೆದುಳಿಗೆ ಕಣ್ಣಿಡುವ ಕಾಲ ಬರುತ್ತದೆ ಅಂತ ಆ ಸಾಲು ಬರೆದವರು ನೆನೆಸಿರಲಿಕ್ಕಿಲ್ಲ. ಹಳೆಯ 2011ರ ನಿಯಮಗಳಲ್ಲಿ ಆರೋಗ್ಯದಂಥ ಸೂಕ್ಷ್ಮ ಮಾಹಿತಿಗೆ ಬೇರೆಯೇ ಸ್ಥಾನ ಇತ್ತು. ಹೊಸ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ಮೆದುಳಿನ ಗೆರೆಯೂ ಒಂದೇ, ಫೋನ್ ನಂಬರೂ ಒಂದೇ. ಇದು ದೊಡ್ಡ ಕೊರತೆ, ತಿದ್ದಲೇಬೇಕು.

ಬೇರೆಯವರು ತಿದ್ದಿದ್ದಾರೆ. ಚಿಲಿ ದೇಶ 2021ರಲ್ಲಿ ಸಂವಿಧಾನಕ್ಕೇ ಸಾಲು ಸೇರಿಸಿ ಮೆದುಳಿನ ಚಟುವಟಿಕೆಗೆ, ಅದರಿಂದ ಸಿಗುವ ಮಾಹಿತಿಗೆ ರಕ್ಷಣೆ ಕೊಟ್ಟಿತು. ಅಲ್ಲಿನ ಮಾಜಿ ಸೆನೆಟರ್ ಗೀಡೋ ಹಿರಾರ್ದಿ ಒಂದು ಇಇಜಿ ಪಟ್ಟಿ ಕೊಂಡು, ತನ್ನ ಮಾಹಿತಿ ಕಂಪನಿಯ ಬಳಿ ಉಳಿಯಿತು ಅಂತ ಕೋರ್ಟಿಗೆ ಹೋದರು. 2023ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಅಳಿಸಲು ಹೇಳಿತು. ಅಮೆರಿಕದ ಕೊಲೊರಾಡೊ, ಕ್ಯಾಲಿಫೋರ್ನಿಯಾ ಎರಡೂ 2024ರಲ್ಲಿ ಮೆದುಳಿನ ಮಾಹಿತಿಯನ್ನು ಸೂಕ್ಷ್ಮ ಮಾಹಿತಿಯ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೆದುಳಿನ ಮಾಹಿತಿಯ ಹಕ್ಕುಗಳಿಗಾಗಿ ಕೆಲಸ ಮಾಡುವ ನ್ಯೂರೋರೈಟ್ಸ್ ಫೌಂಡೇಶನ್ ಇಂಥ ಸಾಧನ ಮಾರುವ 30 ಕಂಪನಿಗಳ ಒಪ್ಪಂದಗಳನ್ನು ತಿರುವಿ ನೋಡಿತ್ತು. 29 ಕಂಪನಿಗಳು ಬಳಕೆದಾರರ ಮೆದುಳಿನ ಮಾಹಿತಿಯನ್ನು ಹೇಳಿಕೊಳ್ಳುವಂಥ ಮಿತಿಯಿಲ್ಲದೆ ತಮ್ಮ ಕೈಗೆ ತೆಗೆದುಕೊಳ್ಳುತ್ತಿದ್ದವು.

ನಿಮಗೆ ಇವತ್ತು ಉಪಯೋಗಕ್ಕೆ ಬರುವ ಎರಡು ವಿಷಯ. ಒಂದು, ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಿ ಬೇಕಾದರೂ ಓದುವ ಅವಕಾಶ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಕನ್ನಡದಲ್ಲಿ ಕೊಡಿ ಅಂತ ಕೇಳಿ. ಎರಡು, ಒಪ್ಪಿಗೆ ಮನಸ್ಸಿನಿಂದ ಬಂದಿರಬೇಕು, ಯಾವ ಕೆಲಸಕ್ಕೆ ಅಂತ ಸ್ಪಷ್ಟ ಇರಬೇಕು, ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳುವಂತಿರಬೇಕು. ಈ ಕಲಮುಗಳು ಪೂರ್ತಿ ಜಾರಿಯಾಗಲು ನಿಯಮ ಬಂದ ದಿನದಿಂದ 18 ತಿಂಗಳು. ಆದರೂ ಈಗಲೇ ಪತ್ರದಲ್ಲಿ ಇವನ್ನು ಎತ್ತಿ ಬರೆಯಿರಿ. ಸಂಶೋಧನೆ, ಪಾಲುದಾರರು ಅನ್ನುವುದು ಯಾವ ದಾರಿಯಿಂದಲೂ ಶಿಕ್ಷಣ ಚಟುವಟಿಕೆ ಆಗುವುದಿಲ್ಲ ಅಂತ ನಾನು ವಾದಿಸುತ್ತೇನೆ.

ಶಿರಸಿ ಕಡೆಯವನು

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು ಅನ್ನಿಸಿತು. ಮೆದುಳು ಓದುವ ಯಂತ್ರ ಬೇಡವೇ ಬೇಡ ಅಂತ ಯಾರೂ ತೀರ್ಮಾನಕ್ಕೆ ಬರಬಾರದು ಅಂತ.

ನಮ್ಮಪ್ಪನಿಗೆ ಎಎಲ್‌ಎಸ್, ನರಗಳು ಸೋತು ಸ್ನಾಯುಗಳು ಒಂದೊಂದಾಗಿ ಕೆಲಸ ನಿಲ್ಲಿಸುವ ಕಾಯಿಲೆ. ಮೊದಲು ಕೈ ಹೋಯಿತು, ಆಮೇಲೆ ಮಾತು. ಬುದ್ಧಿ ಪೂರ್ತಿ ಚುರುಕಾಗಿದೆ. ತೋಟದ ಲೆಕ್ಕ ಇವತ್ತಿಗೂ ಅವರೇ ಹೇಳಬೇಕು. ಹೇಳುವುದು ಕಣ್ಣಿನಿಂದ. ಒಂದು ರಟ್ಟಿನ ಮೇಲೆ ಅಕ್ಷರಮಾಲೆ ಬರೆದುಕೊಂಡಿದ್ದೇವೆ. ಅಮ್ಮ ಕೇಳುತ್ತಾ ಹೋಗುತ್ತಾರೆ, ಸ್ವರವಾ? ಕ ಸಾಲಾ? ಚ ಸಾಲಾ? ಸರಿಯಾದ ಕಡೆ ಅಪ್ಪ ರೆಪ್ಪೆ ಬಡಿಯುತ್ತಾರೆ. ಸಾಲು ಸಿಕ್ಕ ಮೇಲೆ ಅಕ್ಷರ, ಅಕ್ಷರ ಸಿಕ್ಕ ಮೇಲೆ ದೀರ್ಘವಾ, ಕೊಂಬಾ, ಏತ್ವವಾ, ಒತ್ತು ಇದೆಯಾ. 'ಗೊಬ್ಬರ' ಅನ್ನಲು ಎಷ್ಟು ರೆಪ್ಪೆ ಬೇಕು ಲೆಕ್ಕ ಹಾಕಿ. ನಡುವೆ ನಾವು ಊಹಿಸಿ ಪದ ಮುಗಿಸುತ್ತೇವೆ. ತಪ್ಪು ಊಹಿಸಿದರೆ ಅವರ ಕಣ್ಣಲ್ಲಿ ಸಿಟ್ಟು ಬರುತ್ತದೆ.

ಖಾಸಗಿತನದ ಮಾತು ಬಂತಲ್ಲ, ನಮ್ಮಪ್ಪನಿಗೆ ಈಗ ಅದು ಒಂದು ಚೂರೂ ಇಲ್ಲ. ಹಳೇ ಗೆಳೆಯ ಮನೆಗೆ ಬಂದರೂ ಅಪ್ಪ ಅವರಿಗೆ ಹೇಳುವ ಪ್ರತಿ ಮಾತೂ ಅಮ್ಮನ ಬಾಯಿಂದಲೇ ಹೊರಬರಬೇಕು. ಅಮ್ಮನ ಮೇಲೆ ಬೇಜಾರಿದ್ದರೆ ಅದನ್ನೂ ಅಮ್ಮನಿಗೇ ರೆಪ್ಪೆ ಬಡಿದು ಹೇಳಬೇಕು. ಯಾರ ಮಧ್ಯಸ್ಥಿಕೆಯೂ ಇಲ್ಲದೆ ಒಬ್ಬರ ಹತ್ತಿರ ಗುಟ್ಟಾಗಿ ಮಾತಾಡುವುದು ಅವರಿಗೆ ಆಗದ ಕೆಲಸ. ಅವರಿಗೆ ಮೆದುಳಿನಿಂದ ನೇರ ಮಾತು ತೆಗೆಯುವ ಯಂತ್ರವೇ ಖಾಸಗಿತನ ಕೊಡುವುದು.

2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಎಎಲ್‌ಎಸ್ ಇರುವ ಒಬ್ಬರ ಮೆದುಳಿನಲ್ಲಿ 256 ಎಲೆಕ್ಟ್ರೋಡ್ (ಕರೆಂಟು ಹಿಡಿಯುವ ಪುಟ್ಟ ತಂತಿಮೊನೆ) ಕೂರಿಸಿ, ಅವರು ಮಾತಾಡಲು ಪ್ರಯತ್ನಿಸಿದ್ದನ್ನು ನೂರಕ್ಕೆ 97ರಷ್ಟು ಸರಿಯಾಗಿ ಪದಗಳಾಗಿ ಮಾಡಿದರು. ಆಪರೇಷನ್ ಮಾಡಿ ಒಳಗೆ ಇಟ್ಟದ್ದು, ಹಣೆಪಟ್ಟಿ ಅಲ್ಲ. ಪ್ರಯೋಗ ಇಂಗ್ಲಿಷಿನಲ್ಲಿ ನಡೆದದ್ದು. ಕನ್ನಡದ ಒತ್ತಕ್ಷರ, ಗುಣಿತಕ್ಕೆ ಅದು ಬರುವ ದಿನಕ್ಕೆ ನಾನು ಕಾಯುತ್ತಿದ್ದೇನೆ.

ಈ ವಿಷಯಕ್ಕೆ ಹತ್ತಿರದ್ದು 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫೋರ್ಡಿನವರು ಪ್ರಕಟಿಸಿದ ಕೆಲಸ. ತುಟಿ ಅಲುಗಿಸುವ ಪ್ರಯತ್ನವೂ ಇಲ್ಲದೆ ಮನಸ್ಸಿನಲ್ಲೇ ಅಂದುಕೊಂಡ ಮಾತನ್ನು ಸ್ವಲ್ಪಮಟ್ಟಿಗೆ ಹಿಡಿದರು. ಪರದೆಯ ಮೇಲಿನ ಆಕಾರಗಳನ್ನು ಎಣಿಸಲು ಹೇಳಿದರೆ, ಮನಸ್ಸಿನಲ್ಲಿ ಎಣಿಸಿದ ಸಂಖ್ಯೆಯೂ ಅಷ್ಟಿಷ್ಟು ಸಿಕ್ಕಿತು, ಹೇಳು ಅಂತ ಯಾರೂ ಕೇಳಿರಲಿಲ್ಲ. ಅಲ್ಲಿ ನನಗೂ ಎದೆ ಝಲ್ಲೆಂದಿತು. ಹಾಸಿಗೆಯಲ್ಲಿ ಬಿದ್ದ ಮನುಷ್ಯ ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲ ಸ್ಪೀಕರಿನಲ್ಲಿ ಹೊರಬಂದರೆ ಗತಿಯೇನು? ಆದರೆ ಅದೇ ತಂಡ ಒಂದು ಬೀಗವನ್ನೂ ಮಾಡಿತು. ಮನಸ್ಸಿನಲ್ಲಿ ಒಂದು ಗುಟ್ಟಿನ ನುಡಿ ಅಂದುಕೊಂಡರೆ ಮಾತ್ರ ಯಂತ್ರ ಕೇಳಿಸಿಕೊಳ್ಳಲು ಶುರುಮಾಡುತ್ತದೆ. ಆ ನುಡಿಯನ್ನು ಅದು ನೂರಕ್ಕೆ 98ಕ್ಕಿಂತ ಜಾಸ್ತಿ ಸಲ ಸರಿಯಾಗಿ ಗುರುತಿಸಿತು.

ಬೀಗ ಯಾರ ಕೈಯಲ್ಲಿದೆ ಅನ್ನುವುದೇ ನನಗೆ ಮುಖ್ಯ. ಸ್ಟ್ಯಾನ್‌ಫೋರ್ಡಿನಲ್ಲಿ ರೋಗಿಯ ಕೈಯಲ್ಲಿತ್ತು. ನಿಮ್ಮ ಮಗಳ ಕಾಲೇಜಿನಲ್ಲಿ ವಾರ್ಡನ್ ಕೈಯಲ್ಲಿದೆ. ಹೀಗಾಗಿ ನನ್ನ ಅಪ್ಪನಿಗೆ ಬೇಕು ಅನ್ನುತ್ತೇನೆ, ನಿಮ್ಮ ಮಗಳಿಗೆ ಬೇಡ ಅನ್ನುತ್ತೇನೆ.

ಚಳ್ಳಕೆರೆ ಅಮ್ಮ

ಎಲ್ಲರಿಗೂ ಕೈ ಮುಗಿಯುತ್ತೇನೆ. ಶಿರಸಿಯವರೇ, ನಿಮ್ಮ ತಂದೆಗೆ ಬೇಗ ಒಂದು ದಾರಿ ಸಿಗಲಿ. ಮಗಳಿಗೆ ಫೋನ್ ಮಾಡಿ ಇಇಜಿ ರೂಮಿನವರು ಬರೆದದ್ದನ್ನು ಓದಿ ಹೇಳಿದೆ. ಮೂರು ಹೊಲದಾಚೆಯ ಜಾತ್ರೆ ಅಂದಾಗ ನಕ್ಕಳು.

ಕಾಲೇಜಿಗೂ ಫೋನ್ ಮಾಡಿದೆ. ಕಡ್ಡಾಯ ಇಲ್ಲ ಮೇಡಂ ಅಂದರು. ಆದರೆ ಹಾಕದ ಮಕ್ಕಳು ಬೇರೆ ಹಾಲಿನಲ್ಲಿ ಕೂರಬೇಕು, ಅವರಿಗೆ ಡೌಟ್ ಕೇಳಲು ಸಂಜೆ ಲೆಕ್ಚರರ್ ಇರುವುದಿಲ್ಲ ಅಂದರು. ಇದಕ್ಕೆ ಏನು ಮಾಡಲಿ?

ಧಾರವಾಡದ ವಕೀಲ

ಹಾಗಾದರೆ ಅದು ಒಪ್ಪಿಗೆಯೇ ಅಲ್ಲ. ಫೋನಿನಲ್ಲಿ ಹೇಳಿದ್ದನ್ನು ಬರವಣಿಗೆಯಲ್ಲಿ ಕೇಳಿ. "ಪಟ್ಟಿ ಹಾಕದ ವಿದ್ಯಾರ್ಥಿನಿಗೆ ಸಂಜೆಯ ಪಾಠದ ಸೌಲಭ್ಯ ಇರುವುದಿಲ್ಲ ಎಂದು ತಾವು ತಿಳಿಸಿದ್ದೀರಿ, ದಯವಿಟ್ಟು ಲಿಖಿತವಾಗಿ ಕೊಡಿ" ಅಂತ ಒಂದೇ ಸಾಲು. ಸಹಿ ಹಾಕಿ ಅದನ್ನು ಬರೆದು ಕೊಡಲು ಯಾವ ಪ್ರಿನ್ಸಿಪಾಲರೂ ಎರಡು ಸಲ ಯೋಚಿಸುತ್ತಾರೆ. ಒಬ್ಬರೇ ಹೋಗಬೇಡಿ, ಬೇರೆ ಪೋಷಕರನ್ನೂ ಸೇರಿಸಿಕೊಳ್ಳಿ. ಪತ್ರ ಕೊಟ್ಟು ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ದಾವಣಗೆರೆ ಅಪ್ಪ

ಬೇರೆ ಹಾಲು, ಲೆಕ್ಚರರ್ ಇಲ್ಲ ಅನ್ನುವುದು ನನಗೂ ಸರಿ ಕಾಣಲಿಲ್ಲ. ಫೀಸು ಎಲ್ಲರದೂ ಒಂದೇ ಅಲ್ವಾ. ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಬೇಡ ಅನ್ನುವ ಮಗುವಿಗೆ ಪಾಠ ತಪ್ಪಿಸಬಾರದು. ನನ್ನ ಮಗನ ಕಾಲೇಜಿನಲ್ಲೂ ಇದು ಬಂದರೆ ಇದನ್ನು ಕೇಳುತ್ತೇನೆ.

ಚಳ್ಳಕೆರೆ ಅಮ್ಮ

ಇನ್ನಿಬ್ಬರು ತಾಯಂದಿರು ಜೊತೆಗೆ ಬರುತ್ತಾರೆ. ಪತ್ರ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಇಜಿ ರೂಮಿನವರೇ, ನಾಳೆ ಯಾವ ಕಾರಣಕ್ಕೋ ಕೆಲವು ಪೋಷಕರು ಒಪ್ಪಿಬಿಟ್ಟರೂ, ಅವರ ಮಕ್ಕಳಿಗಾದರೂ ಏನು ಕೇಳಬೇಕು ಅಂತ ಒಂದು ಸಾಲು ಹೇಳಿ, ಸೇರಿಸುತ್ತೇನೆ.

ಇಇಜಿ ರೂಮಿನಿಂದ

ಬರೆದುಕೊಳ್ಳಿ ಅಕ್ಕಾ. ಮೆದುಳಿನ ಕಚ್ಚಾ ಗೆರೆ ಪಟ್ಟಿಯಿಂದ ಹೊರಗೆ ಹೋಗಬಾರದು, ಎಲ್ಲೂ ಉಳಿಯಬಾರದು. ಮಗುವಿನ ಹೆಸರಿನ ಜೊತೆ ಅಂಕ ಯಾರ ಸ್ಕ್ರೀನಿನಲ್ಲೂ ಕಾಣಬಾರದು, ಮಗುವಿಗೆ ಮಾತ್ರ ಕಾಣಬೇಕು. ದೀಪ ಆರಿಸಿರಬೇಕು. ಅಂಕ ಲೆಕ್ಕ ಹಾಕುವ ವಿಧಾನ ಏನು, ಇಷ್ಟೇ ವಯಸ್ಸಿನ ಮಕ್ಕಳ ಮೇಲೆ ಯಾರು ಎಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ ಅಂತ ಕಂಪನಿ ಬರೆದು ಕೊಡಬೇಕು. ಕೊನೆಯದಕ್ಕೆ ಅವರು ಕೊಡುವ ಉತ್ತರವನ್ನು ಇಲ್ಲಿ ಹಾಕಿ, ನಾನು ಓದಿ ಹೇಳುತ್ತೇನೆ.